ಸತ್ತ ರಾಣಿಯ ತುಟಿಮಾತು

ನಾಟಕ ಕಲಿಯಬೇಕೆಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರೆಗೆ ನನ್ನ ಧ್ವನಿ ದೊಡ್ಡದೆಂಬುದು ನನಗೆ ಗೊತ್ತಿರಲಿಲ್ಲ. ಬನಹಟ್ಟಿಯಲ್ಲಿ ಎಲ್ಲರ ಧ್ವನಿಯೂ ಹಾಗೆಯೇ. ನಮ್ಮ ಓಣಿಯಲ್ಲಿ ಅಡುಗೆಮನೆಯ ಗೋಡೆಯಾಚೆಯೇ ಮಗ್ಗ. ಬೆಳಗಾದರೆ ಎಲ್ಲರ ಮನೆಯ ಮಗ್ಗಗಳೂ ಒಟ್ಟಿಗೆ ಖಟಖಟ ಶುರುವಾಗುತ್ತವೆ. ಆ ಸದ್ದಿನ ಮೇಲೆ ಹತ್ತಿ ನಿಂತು ಮಾತಾಡುವುದನ್ನು ನಾವು ನಡೆಯಲು ಕಲಿಯುವ ಮೊದಲೇ ಕಲಿತಿರುತ್ತೇವೆ. ಕರೆಂಟು ಹೋದಾಗ ಮಾತ್ರ ಪಜೀತಿ. ಮಗ್ಗಗಳು ಗಪ್ಪಂತ ನಿಲ್ಲುತ್ತವೆ, ಮಾತು ನಿಲ್ಲುವುದಿಲ್ಲ. ನಮ್ಮ ಚಿಗವ್ವ ಒಮ್ಮೆ ತನ್ನ ನಾದಿನಿಯ ಬಗ್ಗೆ ಹೇಳುತ್ತಿದ್ದ ಗುಟ್ಟೊಂದರ ಕೊನೆಯ ಅರ್ಧ ಹೀಗೆಯೇ ಓಣಿಗೆಲ್ಲ ಕೇಳಿಸಿ, ಎರಡೂ ಮನೆಯವರು ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದರು.

ಅದಕ್ಕೇ ಗುಟ್ಟಿನ ಮಾತಿಗೆ ನಮ್ಮಲ್ಲಿ ಬೇರೆ ದಾರಿಯಿದೆ. ದನಿ ತೆಗೆಯದೆ ಬರೀ ತುಟಿ ಆಡಿಸುವುದು. ಮಗ್ಗದ ಆ ತುದಿಯಲ್ಲಿರುವ ಅಪ್ಪ ಈ ತುದಿಯಲ್ಲಿ ಕಂಡಿಕೆಗೆ ನೂಲು ಸುತ್ತುವ ಅವ್ವನಿಗೆ, ಬಂದಿರುವ ನೆಂಟರು ಯಾವಾಗ ಹೋಗುತ್ತಾರೆಂದು ಕೇಳುವುದು ಹೀಗೆ. ನೆಂಟರು ಬನಹಟ್ಟಿಯವರೇ ಆಗಿದ್ದರೆ ಅದೂ ಆಗುವುದಿಲ್ಲ.

ಪ್ರವೇಶದ ಸಂದರ್ಶನದಲ್ಲಿ, ಸಂಜೆಯಾದರೂ ಮನೆಗೆ ಬಾರದ ಮಗನನ್ನು ಕರೆಯುವ ತಾಯಿಯಾಗು ಎಂದರು. ನಾನು ಕರೆದೆ. ಬಾಗಿಲ ಹೊರಗೆ ಕುಳಿತಿದ್ದ ಜವಾನ ಎದ್ದು ಒಳಗೆ ಬಂದ. ಪಕ್ಕದ ಸಂಖ್ಯಾಶಾಸ್ತ್ರ ವಿಭಾಗದ ಇಬ್ಬರು ಯಾರಿಗೇನಾಯಿತೆಂದು ಓಡಿಬಂದರು. ಎದುರು ಕುಳಿತವರಲ್ಲಿ ಒಬ್ಬರು ಮೈಸೂರು ಕಡೆಯವರು, ಮುಂದೆ ನನಗೆ ಧ್ವನಿಯ ಪಾಠ ಹೇಳಿದವರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮಗ ಬಂದ್ಬಿಟ್ಟಿರ್ತಾನೆ ಬಿಡಮ್ಮ, ಸಾಕು" ಎಂದರು. ಆ ವರ್ಷ ಹುಡುಗಿಯರ ಅರ್ಜಿಗಳು ಕಡಿಮೆ ಇದ್ದವು. ನನಗೆ ಸೀಟು ಸಿಕ್ಕಿತು.

ಉಳಿದವರೆಲ್ಲ ಧ್ವನಿ ಏರಿಸಲು ಕಲಿಯುತ್ತಿದ್ದಾಗ ನಾನೊಬ್ಬಳೇ ಇಳಿಸಲು ಕಲಿಯುತ್ತಿದ್ದೆ. ಮೈಸೂರು ಕಡೆಯ ಆ ಸರ್ ನನ್ನ ಮುಂದೆ ಮೊಂಬತ್ತಿ ಹಚ್ಚಿಟ್ಟು, ಅದು ಅಲುಗದ ಹಾಗೆ ಮಾತಾಡಬೇಕೆಂದರು. ಮೊದಲ ವಾರವೆಲ್ಲ ನನ್ನ ಪಾಠ ಬೆಂಕಿಕಡ್ಡಿ ಗೀರುವುದರಲ್ಲೇ ಕಳೆಯಿತು. ಹಾಸ್ಟೆಲಿನಲ್ಲಿ ಅವ್ವನ ಫೋನು ಬಂದರೆ ಕೋಣೆಯ ಗೆಳತಿಯರು ಹೊದಿಕೆ ಎಳೆದುಕೊಳ್ಳುತ್ತಿದ್ದರು. ಅತ್ತ ಅವ್ವ ಮಗ್ಗದ ಪಕ್ಕ ನಿಂತು ಕೂಗುವಳು, ಇತ್ತ ನಾನು. ನಮ್ಮ ಮನೆಯಲ್ಲಿ ಏನು ಪಲ್ಯ ಎಂಬುದು ಮೇಲಿನ ಮಹಡಿಯವರಿಗೂ ಗೊತ್ತಿರುತ್ತಿತ್ತು. ನಿಧಾನಕ್ಕೆ ನನ್ನ ದನಿ ಇಳಿಯಿತು. ಇಳಿದಂತೆಲ್ಲ ಅವ್ವನಿಗೆ ಚಿಂತೆ ಹತ್ತಿತು. ಮೈಯಲ್ಲಿ ಹುಷಾರಿಲ್ಲವೇನು, ಯಾರಾದರೂ ಬೈದರೇನು ಎಂದು ಪ್ರತಿ ಸಲ ಕೇಳುತ್ತಿದ್ದಳು. ಮೆಲ್ಲಗೆ ಮಾತಾಡುವುದನ್ನು ಕಲಿಸುತ್ತಿದ್ದಾರೆ ಎಂದರೆ, ಅದನ್ನು ಕಲಿಯಲು ಅಷ್ಟು ದೂರ ಯಾಕೆ ಹೋಗಬೇಕಿತ್ತೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಎರಡನೆಯ ವರ್ಷ ಸರ್ ತಾವೇ ಒಂದು ನಾಟಕ ಬರೆದರು. ದುಃಖದ ನಾಟಕ. ರಾಣಿ ಕಾಯಿಲೆ ಬಿದ್ದು ಸಾಯುತ್ತಾಳೆ, ರಾಜ ಅವಳ ಮಂಚದ ಬಳಿ ನಿಂತು ಬಹಳ ಹೊತ್ತು ಶೋಕಿಸುತ್ತಾನೆ. ರಾಣಿಗೆ ಇದ್ದದ್ದು ಕೆಲವೇ ಮಾತು, ಅವೂ ಪಿಸುಮಾತು. ಅದಕ್ಕೇ ಆ ಪಾತ್ರ ನನಗೆ ಕೊಟ್ಟರು. ರಾಜನಾದವನು ಬೀಳಗಿ ಹತ್ತಿರದ ಬಾಡಗಂಡಿಯ, ಕಬ್ಬು ಬೆಳೆಯುವ ಮನೆತನದವನು. ಎತ್ತರದ ಆಳು, ಎದೆ ಸೆಟೆಸಿ ನಿಂತರೆ ಕಿರೀಟವೇ ಬೇಡ. ಅವನಿಗಿದ್ದ ತೊಂದರೆ ಒಂದೇ. ಮಾತು ನೆನಪಿರುತ್ತಿರಲಿಲ್ಲ.

ಶೋಕದ ಮಾತು ಅರ್ಧಕ್ಕೆ ನಿಂತಾಗಲೆಲ್ಲ ಸರ್ ಪರದೆಯ ಹಿಂದಿನಿಂದ ಹೇಳಿಕೊಟ್ಟರೆ ಅವನಿಗೆ ಕೇಳುತ್ತಿರಲಿಲ್ಲ, ಎದುರು ಕುಳಿತವರಿಗೆ ಕೇಳುತ್ತಿತ್ತು. ಹೆಣವಾಗಿ ಮಲಗಿದ್ದ ನಾನು ಒಂದು ದಿನ ಬೇಸತ್ತು, ಅರೆಗಣ್ಣು ತೆರೆದು, ತುಟಿ ಆಡಿಸಿ ಹೇಳಿಕೊಟ್ಟೆ. ಅವನಿಗೆ ಅದು ಓದಲು ಬರಬೇಕಲ್ಲ. ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ ತೆರನಾಗಿ ಕಾಣುತ್ತವೆ. ನಾನು ಹೇಳಿದ್ದು "ನನ್ನ ಬಾಳು ಹೋಯಿತು" ಎಂದು. ಅವನು ಎರಡೂ ಕೈ ಮೇಲೆತ್ತಿ, ಗದ್ಗದ ಕಂಠದಲ್ಲಿ, "ನನ್ನ ಮಾಲು ಹೋಯಿತು" ಎಂದ. ಸರ್ ತಾಲೀಮು ನಿಲ್ಲಿಸಿ, ನೀನು ರಾಜನೋ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೋ ಎಂದು ಕೇಳಿದರು. ಅಂದಿನಿಂದ ಊಟದ ಬಿಡುವಿನಲ್ಲಿ ಅವನಿಗೆ ತುಟಿಯೋದು ಕಲಿಸಿದೆ. ಅವನ ಜೊತೆ ಮಂತ್ರಿಯೂ ಕಲಿತ, ವೈದ್ಯನೂ ಕಲಿತ. ಕೆಲವೇ ವಾರಗಳಲ್ಲಿ ನಮ್ಮ ಇಡೀ ಅರಮನೆ ರಂಗದ ಮೇಲೆ ನಿಂತುಕೊಂಡೇ, ಯಾರಿಗೂ ಕೇಳದ ಹಾಗೆ, ಹರಟೆ ಹೊಡೆಯುವಷ್ಟು ಪಳಗಿತು. ಸರ್ ಇದ್ದದ್ದು ಪರದೆಯ ಮರೆಯಲ್ಲಿ. ಅವರಿಗೆ ಏನೂ ಗೊತ್ತಾಗಲಿಲ್ಲ. ರಾಜನ ನೆನಪು ಸುಧಾರಿಸಿದೆಯೆಂದು ಎಲ್ಲರ ಮುಂದೆ ಹೊಗಳಿದರು.

ನಾಟಕವನ್ನು ಊರೂರಿಗೆ ಒಯ್ಯಬೇಕೆಂದು ವಿಭಾಗದಲ್ಲಿ ತೀರ್ಮಾನವಾಯಿತು. ನಮ್ಮ ಸೀಮೆಯೇ ನಿಗದಿಯಾಯಿತು: ಬೀಳಗಿ, ಮುಧೋಳ, ಜಮಖಂಡಿ, ಕೊನೆಗೆ ಬನಹಟ್ಟಿ. ಬೀಳಗಿಯಲ್ಲಿ ರಾಜನ ಕಡೆಯ ಜನವೇ ಟ್ರ್ಯಾಕ್ಟರು ತುಂಬ ಬಂದಿದ್ದರು. ಅವರ ಮುಂದೆ ಅವನು ಎರಡು ಕಡೆ ಮರೆತ. ಹೆಣ ಎರಡೂ ಕಡೆ ಕಾಪಾಡಿತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುಧೋಳದಲ್ಲಿ ಒಬ್ಬ ಹಿರಿಯರು ನಾಟಕ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, ಜೀವ ಹೋದ ಮೇಲೂ ತುಟಿ ನಡುಗುತ್ತಿದ್ದದ್ದು ಅದ್ಭುತವಾಗಿತ್ತು, ತಮ್ಮ ತಂದೆಯವರಿಗೂ ಹಾಗೆಯೇ ಆಗಿತ್ತು ಎಂದು ಕೈಮುಗಿದರು. ನಾನೂ ಕೈಮುಗಿದೆ. ಜಮಖಂಡಿಯಲ್ಲಂತೂ ಸಭಾಭವನದ ತುಂಬ ಬಿಕ್ಕು ಕೇಳಿಸಿತು. ಸರ್ ಆ ದಿನ ನಮಗೆಲ್ಲ ಮಿರ್ಚಿ ಭಜಿ ಕೊಡಿಸಿದರು.

ಬನಹಟ್ಟಿಗೆ ಹೊರಟ ಮಧ್ಯಾಹ್ನ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ವ್ಯಾನು ಸಿಕ್ಕಿಕೊಂಡಿತು. ಊರು ಮುಟ್ಟಿದಾಗ ಆಟಕ್ಕೆ ಹೊತ್ತಾಗಿತ್ತು. ಮನೆಗೆ ಹೋಗಿ ಉಂಡು ಬರುವ ಆಸೆ ಬಿಟ್ಟು ಮುಖಕ್ಕೆ ಬಣ್ಣ ಹಚ್ಚಿಕೊಂಡೆ. ಪರದೆಯ ಸಂದಿನಿಂದ ನೋಡಿದರೆ, ಓಣಿಗೆ ಓಣಿಯೇ ಬಂದು ಕೂತಿತ್ತು. ಮುಂದಿನ ಸಾಲಿನಲ್ಲಿ ಅವ್ವ, ಚಿಗವ್ವ, ಅವಳ ನಾದಿನಿ, ಪಕ್ಕದ ಸಾಲಿನಲ್ಲಿ ಅಪ್ಪನ ಜೊತೆಯ ನೇಕಾರರು. ನನ್ನವರೆಂಬ ಹೆಮ್ಮೆಯಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ.

ಹೊಳೆದದ್ದು ಸತ್ತ ಮೇಲೆ.

ನಾನು ಪಿಸುಗುಟ್ಟುತ್ತ ಪ್ರಾಣ ಬಿಟ್ಟೆ. ರಾಜ ಶೋಕ ಶುರುಮಾಡಿದ. ಎರಡನೆಯ ಮಾತಿಗೇ ನಿಂತ. ನಾನು ತುಟಿಯಾಡಿಸಿದೆ. ಅವನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಸೊಳ್ಳೆಯೇನೋ ಕಚ್ಚಿರಬೇಕು ಅಂದುಕೊಂಡೆ. ಮತ್ತೆ ಮರೆತ, ಮತ್ತೆ ಹೇಳಿಕೊಟ್ಟೆ, ಈ ಸಲ ನಗು ಮೂರನೆಯ ಸಾಲಿನವರೆಗೂ ಹೋಯಿತು. ರಾಜ ಗಾಬರಿಯಾಗಿ ತನ್ನ ಧೋತರ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು, ಏನಾಗಿದೆ ಎಂದು ತುಟಿಯಲ್ಲೇ ನನ್ನನ್ನು ಕೇಳಿದ. "ಏ ಕ್ವಾಣಾ, ನೀ ಮುಂದಿಂದ ಹೇಳಲೇ" ಎಂದು ನಾನು ತುಟಿಯಲ್ಲೇ ಬೈದೆ. ಇಡೀ ಸಭೆ ಘೊಳ್ಳೆಂದಿತು.

ಆಗ ತಿಳಿಯಿತು. ಅಲ್ಲಿ ಕುಳಿತವರೆಲ್ಲ ಬದುಕಿಡೀ ಮಗ್ಗದ ಸದ್ದಿನಲ್ಲಿ ತುಟಿ ಓದಿದವರು. ನಾವು ರಂಗದ ಮೇಲೆ ಆಡಿದ್ದೆಲ್ಲ ಅವರಿಗೆ ಮೈಕಿನಲ್ಲಿ ಹೇಳಿದಷ್ಟು ಸ್ಪಷ್ಟ. ಮೊದಲ ಅಂಕದಲ್ಲಿ ಮಂತ್ರಿಯೂ ವೈದ್ಯನೂ ಸಿಂಹಾಸನದ ಪಕ್ಕ ನಿಂತು, ಸರ್ ಅವರ ನಾಟಕ ಎಷ್ಟು ಉದ್ದ ಎಂದು ಮಾತಾಡಿಕೊಂಡದ್ದನ್ನೂ ಅವರು ಕೇಳಿಸಿಕೊಂಡಿದ್ದರು. ನಾನು ತುಟಿ ಬಿಗಿದು, ನಿಜವಾದ ಹೆಣದಂತೆ ಮಲಗಲು ನಿಶ್ಚಯಿಸಿದೆ. ಆದರೆ ಅರೆಗಣ್ಣು ಮುಚ್ಚುವ ಮೊದಲು ಅವ್ವ ಕಂಡಳು. ರಂಗದ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಅವಳು ನನ್ನ ಕಡೆಗೇ ಬಾಗಿ, ಮನೆಯಲ್ಲಿ ಕಂಡಿಕೆ ಸುತ್ತುತ್ತ ಕೇಳುವ ಹಾಗೆ, ದನಿಯಿಲ್ಲದೆ ಕೇಳಿದಳು:

"ಉಂಡಿಯೇನ?"

"ಇಲ್ಲ ಬೇ" ಎಂದಿತು ಹೆಣ.

ಇಪ್ಪತ್ತೆರಡು ವರ್ಷದ ರೂಢಿ. ತುಟಿ ನನ್ನನ್ನು ಕೇಳಲಿಲ್ಲ. ಆಮೇಲೆ ಆದದ್ದನ್ನು ನಗು ಎನ್ನುವುದು ಕಷ್ಟ. ಜನ ಕುರ್ಚಿ ಬಿಟ್ಟು ಎದ್ದರು. ಅಪ್ಪನ ಪಕ್ಕದಲ್ಲಿದ್ದ ಹಿರಿಯ ನೇಕಾರರೊಬ್ಬರು ನಿಂತು, ಮಗ್ಗದ ಮನೆಯ ದನಿಯಲ್ಲಿ, "ರಾಣೀಗಿ ಮೊದಲ ಊಟಾ ಕೊಡ್ರಪ್ಪಾ, ಆಮ್ಯಾಲ ಸಾಯಲಿ" ಎಂದರು. ರಾಜನಿಗೆ ಇನ್ನು ಯಾವ ಮಾತೂ ಉಳಿದಿರಲಿಲ್ಲ. ನೆನಪಿದ್ದ ಒಂದನ್ನೇ ಗಟ್ಟಿಯಾಗಿ ಹೇಳಿದ: "ಯಾರಲ್ಲಿ!" ಸೈನಿಕನೊಬ್ಬ ಓಡಿಬಂದು ಈಟಿ ಹಿಡಿದು ನಿಂತ. ಅವನಿಗೆ ಹೇಳಲು ಏನೂ ಇರಲಿಲ್ಲ. ರಾಜ ಸ್ವಲ್ಪ ಹೊತ್ತು ಅವನನ್ನೇ ನೋಡಿ, "ಏನಿಲ್ಲ, ಹೋಗು" ಎಂದ. ಪರದೆ ಎಳೆದರು.

ಇಷ್ಟೆಲ್ಲ ಆದರೂ ಒಬ್ಬಳು ನಕ್ಕಿರಲಿಲ್ಲ. ಅವ್ವ. ಪರದೆ ಬೀಳುತ್ತಲೇ ಅವಳು ಎದ್ದು ಮನೆಗೆ ಹೋಗಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ಬಣ್ಣ ತೆಗೆಯುವ ಕೋಣೆಯಲ್ಲಿ ನನ್ನ ಮುಂದೆ ಕೂತಳು. ನಾಟಕ ಹೇಗಿತ್ತೆಂದು ಕೇಳಿದೆ. ಮೊದಲು ಉಣ್ಣು ಎಂದಳು. ನನ್ನ ಕೊರಳಿನ ಎಲುಬು ಕಾಣುವುದನ್ನು ನಾಟಕದುದ್ದಕ್ಕೂ ನೋಡಿದಳಂತೆ.

ಸರ್ ಮೂಲೆಯಲ್ಲಿ ಬಟ್ಟೆಯ ಪೆಟ್ಟಿಗೆಯ ಮೇಲೆ ಕೂತಿದ್ದರು. ಮೂರು ಊರಿನವರು ಅತ್ತ ಜಾಗದಲ್ಲಿ ಈ ಊರಿನವರು ಯಾಕೆ ನಕ್ಕರೆಂದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ. ನಾನು ಕೈ ತೊಳೆದು ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ಈಗ ಏನಾದರೂ ಹೇಳು ನೋಡೋಣ ಎಂದರು. "ಮಾಪ ಮಾಡ್ರಿ ಸರ್" ಎಂದು ತುಟಿಯಾಡಿಸಿದೆ. ಅವರು ಹುಬ್ಬು ಗಂಟಿಕ್ಕಿ ನೋಡಿ, "ಪಾಪ ಮಾಡ್ರಿ ಅಂತೀಯಾ? ನಾನೇನು ಮಾಡಿದೆ?" ಎಂದರು. ಆಗ ಅವರಿಗೂ ನಗು ಬಂತು.

ಮರುದಿನ ಅವರನ್ನು ಊಟಕ್ಕೆ ಕರೆದೆವು. ಅವರಿಗೆ ಮಗ್ಗ ನೋಡಬೇಕಿತ್ತು. ಅಪ್ಪ ಮಗ್ಗ ನಿಲ್ಲಿಸಲಿಲ್ಲ. ನೋಡಬೇಕೆಂದವರಿಗೆ ನಿಂತ ಮಗ್ಗ ತೋರಿಸುವುದು ಮರ್ಯಾದೆಯಲ್ಲ ಎಂದು ಅವನ ಲೆಕ್ಕ. ಆ ಸದ್ದಿನಲ್ಲಿ ಸರ್ ಊಟಕ್ಕೆ ಕೂತರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಬಡಿಸುತ್ತಿದ್ದವಳು ಅವ್ವ. ದೊಡ್ಡವರ ಮುಂದೆ ಕೂಗಬಾರದೆಂದು ಅವಳು ತುಟಿಯಲ್ಲೇ ಕೇಳುತ್ತಿದ್ದಳು. ಸರ್‌ಗೆ ಒಂದೂ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲವೆಂದರೆ ಅವಮಾನವಾದೀತೆಂದು ಎಲ್ಲದಕ್ಕೂ ನಗುತ್ತ ತಲೆಯಾಡಿಸುತ್ತಿದ್ದರು. ಇನ್ನೊಂದು ರೊಟ್ಟಿಯೇ ಎಂದರೆ ಹೌದು. ಇನ್ನಷ್ಟು ಖಾರ ಚಟ್ನಿಯೇ ಎಂದರೆ ಹೌದು. ನಿಮಗೆ ಮಕ್ಕಳೆಷ್ಟು ಎಂದದ್ದಕ್ಕೂ ಹೌದು. ಅವ್ವ ಅದಕ್ಕೆ ಒಂದು ಕ್ಷಣ ತಡೆದಳು, ದೊಡ್ಡ ಸಂಸಾರವಿರಬೇಕೆಂದು ಮತ್ತೊಂದು ರೊಟ್ಟಿ ಹಾಕಿದಳು. ಅವರ ಕಣ್ಣು, ಮೂಗು ಎರಡೂ ಸೋರುತ್ತಿದ್ದವು.

ನಾನು ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಅವ್ವ ಅವರ ಎದುರು ಕೂತು ಕೇಳುತ್ತಿದ್ದಳು, "ನಮ್ಮ ಹುಡುಗೀಗಿ ನೌಕರಿ ಸಿಗತೈತೇನ್ರಿ?" ಸರ್ ತಲೆಯಾಡಿಸಿದರು. ಅವ್ವ ನಂಬಲಾರದೆ ಇನ್ನೊಮ್ಮೆ ಕೇಳಿದಳು. ಅವರು ಎದೆಯ ಮೇಲೆ ಕೈಯಿಟ್ಟು ಮತ್ತೆ ತಲೆಯಾಡಿಸಿದರು. ನಾನು ತಟ್ಟೆ ಇಟ್ಟು ಮಾತು ತೆಗೆಯುವಷ್ಟರಲ್ಲಿ ಅವ್ವ ಹಿತ್ತಿಲ ಬಾಗಿಲಿನಿಂದ ಚಿಗವ್ವನ ಮನೆ ಸೇರಿದ್ದಳು. ನಾವು ವ್ಯಾನು ಹತ್ತುವಾಗ ಓಣಿಯ ಹೆಂಗಸರು ಸರ್ ಅವರಿಗೆ ವಿಶೇಷವಾಗಿ ಕೈಮುಗಿದರು. ನಾಟಕ ಇಷ್ಟವಾಗಿದೆಯೆಂದು ಅವರು ಖುಷಿಪಟ್ಟರು.

ಊರು ದಾಟಿದ ಮೇಲೆ ವಿಷಯ ತಿಳಿಸಿದೆ.

"ನಾನು ಹೌದು ಅಂದೆನಾ?"

"ಎರಡ ಸಲ ಅಂದ್ರಿ ಸರ್."

ಸ್ವಲ್ಪ ದೂರ ಹೋದ ಮೇಲೆ, ಇನ್ನೇನಾದರೂ ಒಪ್ಪಿಕೊಂಡಿದ್ದೇನೆಯೇ ಎಂದು ಮೆಲ್ಲಗೆ ಕೇಳಿದರು. ಪಂಚಮಿ ಹಬ್ಬಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುವುದಾಗಿ ಒಪ್ಪಿದ್ದೀರಿ ಎಂದೆ.

ಇನ್ನೊಬ್ಬರಾಗಿದ್ದರೆ ನಕ್ಕು ಮರೆತುಬಿಡುತ್ತಿದ್ದರು. ಸರ್ ಪಂಚಮಿಗೆ ಹೆಂಡತಿಯೊಂದಿಗೆ ಬಂದರು. ಮಕ್ಕಳೆಲ್ಲಿ ಎಂದು ಅವ್ವ ಬಾಗಿಲಲ್ಲೇ ಕೇಳಿದಳು, ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಅವರ ಹೆಂಡತಿ ಸರಳವಾಗಿ ಹೇಳಿದರು. ಅವ್ವ ಅವರ ಕೈಹಿಡಿದು ಒಳಗೆ ಕರೆದೊಯ್ದಳು. ಹಿಂದಿರುಗುವಾಗ ಅವರ ಮಡಿಲಲ್ಲಿ ಎಳ್ಳುಂಡೆ, ಶೇಂಗಾ ಉಂಡೆಗಳ ಜೊತೆ ನಮ್ಮ ಮಗ್ಗದ್ದೇ ಒಂದು ಸೀರೆಯಿತ್ತು. ಅಂದಿನಿಂದ ಅವ್ವನೂ ಅವರೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಏನು ಮಾತಾಡುತ್ತಾರೆಂದು ನನಗೆ ಹೇಳುವುದಿಲ್ಲ.

ನನ್ನ ಓದು ಮುಗಿದ ಮೇಲೆ ಎಲ್ಲಿ ನಾಟಕದ ಶಿಕ್ಷಕರು ಬೇಕೆಂದು ಗೊತ್ತಾದರೂ ಸರ್ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಹಲವು ಕಡೆ ಆಗಲಿಲ್ಲ. ಬಾಡಗಂಡಿಯ ರಾಜ ಅಷ್ಟರಲ್ಲಿ ನಟನೆ ಬಿಟ್ಟು ಕಬ್ಬಿಗೆ ಮರಳಿದ್ದ. ಮಾತು ನೆನಪಿಡುವ ಕಾಟವಿಲ್ಲದೆ ಹಾಯಾಗಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ಕೊನೆಗೆ ಮುಧೋಳದ ಒಂದು ಶಾಲೆಯಲ್ಲಿ ನನಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಸುದ್ದಿ ಹೇಳಿದಾಗ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸರ್ ಅವತ್ತೇ ಹೇಳಿದ್ದರಲ್ಲ ಎಂದಳು.

ಮೊದಲ ದಿನ ಹೊಸ ಸೀರೆ ಉಟ್ಟು, ಚೀಲದಲ್ಲಿ ಮುಖವಾಡಗಳನ್ನು ತುಂಬಿಕೊಂಡು ಹೋದೆ. ಮುಖ್ಯೋಪಾಧ್ಯಾಯರು ಬಹಳ ಆದರದಿಂದ ಬರಮಾಡಿಕೊಂಡು ಚಹಾ ತರಿಸಿದರು. ನಾಟಕದವರು ಬಂದದ್ದು ಒಳ್ಳೆಯದಾಯಿತು, ನಾಟಕದವರೆಂದರೆ ಏನು ಬೇಕಾದರೂ ಮಾಡಬಲ್ಲರು ಎಂದರು. ನನಗೆ ಹೆಮ್ಮೆಯಾಯಿತು. ಗಣಿತದ ಟೀಚರು ಹೆರಿಗೆಗೆ ರಜೆ ಹಾಕಿದ್ದಾರೆ, ಅವರು ಬರುವವರೆಗೆ ಎಂಟನೆಯ ತರಗತಿಯ ಗಣಿತ ನೀವೇ ನೋಡಿಕೊಳ್ಳಿ ಎಂದು ಸೀಮೆಸುಣ್ಣದ ಡಬ್ಬಿ ಕೈಗೆ ಕೊಟ್ಟರು.

ಬೀಜಗಣಿತ ನನಗೆ ಮೊದಲಿನಿಂದಲೂ ಬಾರದು. ತರಗತಿಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರು ಎಳೆದುಕೊಂಡೆ. ನನಗೆ ಗಣಿತ ಕಲಿಸಿದ್ದ ಬನಹಟ್ಟಿಯ ಮಾಸ್ತರರನ್ನು ನೆನೆದು, ಅವರಂತೆಯೇ ಎಡಭುಜ ಸ್ವಲ್ಪ ಇಳಿಸಿ, ಕೆಮ್ಮಿ, ಒಳಗೆ ನಡೆದೆ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಎಕ್ಸ್ ಬರೆದು, ಮಕ್ಕಳ ಕಡೆ ತಿರುಗಿ, ಇದರ ಬೆಲೆ ಎಷ್ಟಿರಬಹುದೆಂದು ಬಹಳ ಗಂಭೀರವಾಗಿ ಕೇಳಿದೆ. ಇಡೀ ತರಗತಿ ಲೇಖನಿ ತೆಗೆದು ಲೆಕ್ಕ ಹಾಕತೊಡಗಿತು.