ಕೈ ಒರೆಸುವ ಕರಡಿ

ದಾರ ಜಾರುತ್ತಿತ್ತು.

ಕ್ರೋಶಾ ಹೆಣಿಗೆಯಲ್ಲಿ ಎಲ್ಲ ಕೆಲಸವೂ ಬಲಗೈಯ ಕಡ್ಡಿಯದ್ದೇ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಹಿಡಿತ ಇರುವುದು ಎಡಗೈಯ ಕಿರುಬೆರಳಿನಲ್ಲಿ. ದಾರವನ್ನು ಅದಕ್ಕೊಂದು ಸುತ್ತು ಸುತ್ತಿಕೊಂಡರೆ ಪ್ರತಿ ಕುಣಿಕೆಯೂ ಒಂದೇ ಬಿಗಿಯಲ್ಲಿ ಬರುತ್ತದೆ. ಹೈಸ್ಕೂಲಿನಿಂದಲೂ ನನ್ನ ಕಿರುಬೆರಳು ಆ ಕೆಲಸವನ್ನು ನನ್ನನ್ನು ಕೇಳದೆ ಮಾಡಿಕೊಂಡು ಬಂದಿತ್ತು. ಈ ಬೇಸಿಗೆಯಲ್ಲಿ ಮಾತ್ರ, ದಾರ ಬೆರಳಲ್ಲಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕಾಯಿತು.

ಆಗ ಹಾಕುತ್ತಿದ್ದದ್ದು ಅಡುಗೆಮನೆಗೆ ಕೈ ಒರೆಸುವ ಟವೆಲ್. ಮೇಲೆ ಕರಡಿಯ ತಲೆ, ಕೆಳಗೆ ಜೋಲುವ ಉದ್ದನೆಯ ಕಪ್ಪು ಮೈ, ಎದೆಯ ಮೇಲೆ ಬಿಳಿ ಪಟ್ಟೆ, ಸಿಂಕಿನ ಪಕ್ಕದ ಮೊಳೆಗೆ ನೇತುಹಾಕಲು ನೆತ್ತಿಯಲ್ಲೊಂದು ಕುಣಿಕೆ. ಕರಡಿಯೇ ಬೇಕೆಂದವಳು ಎರಡನೇ ಕ್ಲಾಸಿನ ಮಗಳು ಪ್ರಣತಿ. ನಮ್ಮ ಹಿರಿಯೂರಿನ ಕಡೆ ಕರಡಿ ಹೊಸದಲ್ಲ, ಯಾರದೋ ತೋಟಕ್ಕೆ ಬಂದಿತ್ತಂತೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಟವೆಲ್ಲೇ ಯಾಕೆಂದರೆ, ನಮ್ಮತ್ತೆ ಕೈ ಒರೆಸುವುದು ಸೆರಗಿಗೆ. ಅವರ ಸೆರಗು ನೋಡಿದರೆ ಆವತ್ತು ಮನೆಯಲ್ಲಿ ಏನು ಸಾರು ಎಂದು ಬೀದಿಯವರೂ ಹೇಳಬಹುದು. ಕರಡಿಯನ್ನಾದರೂ ನೋಡಿ ಕಲಿಯಲಿ ಎಂಬುದು ನನ್ನ ಆಸೆ.

ಮೊದಲ ಕಿವಿ ಅಚ್ಚುಕಟ್ಟಾಗಿ ಬಂತು. ಎರಡನೆಯದು ಸಡಿಲವಾಗಿ, ದೊಡ್ಡದಾಗಿ, ಒಂದು ಪಕ್ಕಕ್ಕೆ ಬಿದ್ದುಕೊಂಡಿತು. ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಹಾಗೇ ಆಯಿತು. ಇರಲಿ ಎಂದು ನೇತುಹಾಕಿದೆ.

ಎಡ ಮೊಣಕೈ ಕೆಳಗೆ ಒಂದು ಮಾಸಲು ಮಚ್ಚೆಯೂ ಇತ್ತು. ಸಿಬ್ಬು ಇರಬೇಕೆಂದು ಮೆಡಿಕಲ್ ಸ್ಟೋರಿನವನು ಕೊಟ್ಟ ಮುಲಾಮು ಹಚ್ಚುತ್ತಿದ್ದೆ. "ಅಮ್ಮಂಗೂ ಕರಡಿ ಪಟ್ಟೆ ಐತೆ!" ಎಂದು ಪ್ರಣತಿ ಕುಣಿದಿದ್ದಳು. ನಾನೂ ನಕ್ಕಿದ್ದೆ.

ಒಂದು ಮಧ್ಯಾಹ್ನ ಮುದ್ದೆ ತಿರುವುತ್ತಿದ್ದೆ. ಎಡಗೈಯ ಅಂಚು ಪಾತ್ರೆಯ ಕಂಠಕ್ಕೆ ತಾಗಿಕೊಂಡಿತ್ತು. ಮೊದಲು ಬಂದದ್ದು ವಾಸನೆ. ಆಮೇಲೆ ಅತ್ತೆಯ ದನಿ.

"ಲೇ ಶಶಿ, ಕೈ ಸುಡ್ತೈತಲ್ಲೇ!"

ನೋವಿರಲಿಲ್ಲ.

ಅತ್ತೆ ನನ್ನ ಕೈಯನ್ನು ನಲ್ಲಿ ಕೆಳಗೆ ಹಿಡಿದರು. ಕಿರುಬೆರಳನ್ನು ನೆಟ್ಟಗೆ ಮಾಡಲು ನೋಡಿದರು, ಅದು ಪೂರ್ತಿ ನೆಟ್ಟಗಾಗಲಿಲ್ಲ. ತೋಳು ತಿರುಗಿಸಿ ಮಚ್ಚೆ ನೋಡಿದರು. ಸಾರಿಗೆ ಉಪ್ಪು ಕಡಿಮೆಯಾದರೆ ಅರ್ಧ ಗಂಟೆ ಮಾತಾಡುವ ಹೆಂಗಸು ಆವತ್ತು ಹೇಳಿದ್ದು ಇಷ್ಟೇ.

"ನಾಳೆ ದುರ್ಗಕ್ಕೆ ಹೋಗಾಣ."

ಚಿತ್ರದುರ್ಗದ ಆಸ್ಪತ್ರೆಯ ಸ್ಕಿನ್ ಒಪಿಡಿಯಲ್ಲಿ ಡಾಕ್ಟರಮ್ಮ ಹತ್ತಿಯ ಎಳೆಯೊಂದನ್ನು ಹೊಸೆದುಕೊಂಡರು. "ಕಣ್ಣು ಮುಚ್ಕಳ್ರಿ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರಿಸ್ರಿ" ಎಂದರು. ಕಣ್ಣು ಮುಚ್ಚಿ ಕಾದೆ. ತುಂಬಾ ಹೊತ್ತು ಕಾದೆ.

"ಯಾವಾಗ ಶುರು ಮಾಡ್ತೀರಿ ಮೇಡಂ?"

"ಮುಗೀತಮ್ಮ" ಎಂದರು.

ಕಣ್ಣು ಬಿಟ್ಟಾಗ ಅವರು ನನ್ನ ಮೊಣಕೈ ಹಿಂದೆ ಒತ್ತಿ ನೋಡುತ್ತಿದ್ದರು. ಅಲ್ಲಿಯ ನರ್ವ್ ದಪ್ಪವಾಗಿದೆಯಂತೆ. ಬೆನ್ನ ಮೇಲೂ ಮಚ್ಚೆಗಳಿದ್ದವು. ನನ್ನ ಬೆನ್ನು ನಾನು ಯಾವತ್ತು ನೋಡಿಕೊಂಡಿದ್ದೆ? ಬಯಾಪ್ಸಿಗೆ ಚರ್ಮದ ಚೂರು ತೆಗೆದರು. ರಿಪೋರ್ಟಿಗೆ ಮತ್ತೆ ಹೋದಾಗಲೂ ಅತ್ತೆ ಜೊತೆಗಿದ್ದರು.

ಲೆಪ್ರಸಿ.

ನನಗೆ ಮೊದಲು ಅರ್ಥವಾಗಲಿಲ್ಲ. ಆ ಪದವನ್ನು ಕನ್ನಡಕ್ಕೆ ತಂದುಕೊಂಡೆ. ಕುಷ್ಠರೋಗ. ಅತ್ತೆ ಎದ್ದು ಹೊರಗೆ ಹೋಗಿಬಿಟ್ಟರು. ಡಾಕ್ಟರಮ್ಮ ನಿಧಾನವಾಗಿ ಹೇಳುತ್ತಿದ್ದರು. ಇದು ವಾಸಿಯಾಗುವ ಕಾಯಿಲೆ, ಮಾತ್ರೆ ಫ್ರೀ, ಒಂದು ವರ್ಷ ತಪ್ಪಿಸದೆ ನುಂಗಬೇಕು. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ, ಮಾತ್ರೆ ಶುರುವಾದ ಮೇಲಂತೂ ಆ ಭಯವೇ ಬೇಡ. ನರ್ವ್‌ಗೆ ಸ್ಟೀರಾಯ್ಡ್ ಕೊಡುತ್ತೇನೆ, ಆದರೆ ಹೋದ ಸ್ಪರ್ಶವೆಲ್ಲ ವಾಪಸ್ ಬರುತ್ತದೆಂದು ಪ್ರಾಮಿಸ್ ಮಾಡಲಾರೆ. ಮನೆಯವರನ್ನೆಲ್ಲ ಚೆಕ್ ಮಾಡಿಸಿ.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ನಮ್ಮಿಬ್ಬರ ನಡುವೆ ಚೀಲ ಇಟ್ಟರು. ಹಿರಿಯೂರು ಬರುವವರೆಗೆ ಮುಖ ಈಚೆ ತಿರುಗಿಸಲಿಲ್ಲ. ನಾನು ಆ ಚೀಲವನ್ನೇ ನೋಡುತ್ತಿದ್ದೆ.

ನಮ್ಮ ಮನೆಯವರು ತೆಂಗಿನಕಾಯಿ ವ್ಯಾಪಾರದವರು, ಮಾತಿಗೆ ಬಡತನವಿಲ್ಲ. "ಇದೇನ್ ಮಹಾ ಬಿಡು ಶಶಿ, ಈಗೆಲ್ಲಾ ಮಾತ್ರೆ ಐತೆ" ಎಂದು ಬೆನ್ನು ತಟ್ಟಿದರು. ಆವತ್ತು ಅತ್ತೆ ಹೀಗೆ, ಗಂಡ ಹಾಗೆ ಎಂದು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ. ಮಾರನೆಯ ದಿನ ಅವರು ಒಂದು ಟಿಶ್ಯೂ ರೋಲ್ ತಂದು ಸಿಂಕಿನ ಮೇಲಿಟ್ಟರು.

"ಹೈಜೀನ್ ಅಲ್ವಾ? ಎಲ್ರಿಗೂ ಒಳ್ಳೇದು" ಎಂದರು. ಮುಖ ನೋಡಲಿಲ್ಲ. ಪ್ರಣತಿಗೂ ಅದನ್ನೇ ಹರಿದುಕೊಟ್ಟರು.

ಅಂದಿನಿಂದ ನನಗೊಂದು ಚಟ ಅಂಟಿಕೊಂಡಿತು. ಸಂಜೆ ಪಾತ್ರೆ ತೊಳೆದ ಮೇಲೆ ಕರಡಿಯನ್ನು ಮುಟ್ಟಿ ನೋಡುವುದು. ಎಡಗೈಯನ್ನು ನಂಬದೆ ಬಲಗೈಯಲ್ಲಿ ಮುಟ್ಟುವುದು, ಆಮೇಲೆ ಕೆನ್ನೆಗೆ ಒತ್ತಿ ನೋಡುವುದು. ನಾಲ್ಕು ಜನರ ಅಡುಗೆಮನೆಯ ಟವೆಲ್ ಸಂಜೆಗೆ ತೊಪ್ಪೆಯಾಗಿರಬೇಕು. ಅದು ಗರಿಗರಿಯಾಗಿತ್ತು. ಮರುದಿನವೂ ಒಣಗಿತ್ತು. ಅದರ ಮರುದಿನವೂ. ನಾನೂ ಅದನ್ನು ಬಳಸುವುದು ಬಿಟ್ಟಿದ್ದೆ, ಯಾಕೆಂದರೆ ನಾನೇ ಒದ್ದೆ ಮಾಡಿದರೆ ಬೇರೆಯವರದ್ದು ಗೊತ್ತಾಗುವುದು ಹೇಗೆ? ಅತ್ತೆ ಸೆರಗಿಗೇ ಒರೆಸಿಕೊಳ್ಳುತ್ತಿದ್ದರು. ಅದು ಹಳೆಯ ಅಭ್ಯಾಸವೋ ಹೊಸ ಅಸಹ್ಯವೋ ಹೇಗೆ ಹೇಳಲಿ? ಕೆಲಸ ಮಾಡುತ್ತ ತಿರುಗಿದಾಗಲೆಲ್ಲ ಅವರ ಕಣ್ಣು ನನ್ನ ಕೈ ಮೇಲಿರುತ್ತಿತ್ತು. ಮೊದಲ ದಿನದ ಮಾತ್ರೆಗೆ ಮೂತ್ರ ಕೆಂಪಗೆ ಹೋದಾಗ, ಡಾಕ್ಟರಮ್ಮ ಮೊದಲೇ ಹೇಳಿದ್ದರೂ, ಬಚ್ಚಲಲ್ಲಿ ಕೂತು ಕಣ್ಣೀರು ಹಾಕಿದೆ. ನಾಳೆ ನನ್ನ ತಟ್ಟೆ ಬೇರೆಯಾಗುತ್ತದೆ, ನಾಡಿದ್ದು ಹಾಸಿಗೆ, ಆಮೇಲೆ ಮಗಳು.

ಒಂದು ವಾರ ನೋಡಿದೆ. ಏಳನೆಯ ಬೆಳಿಗ್ಗೆ ಕರಡಿಯನ್ನು ಮೊಳೆಯಿಂದ ತೆಗೆದು ಕಸದ ಕವರಿಗೆ ಹಾಕಿದೆ.

ಕಸದ ಗಾಡಿ ಬೀದಿಯ ತುದಿಗೆ ಬಂದಿತ್ತು. ಅತ್ತೆ ಮೊಳೆ ನೋಡಿದರು.

"ಕರಡಿ ಎಲ್ಲೇ?"

"ಯಾರೂ ಒರೆಸಿಕೊಳ್ಳಲ್ಲ, ಇಟ್ಟುಕೊಂಡು ಪೂಜೆ ಮಾಡಲಾ?" ಎಂದೆ. ಸಿಟ್ಟಿತ್ತು. ಹೆದರಿಕೆಯೂ ಇತ್ತು.

ಅವರು ಕವರಿಗೆ ಕೈ ಹಾಕಿ ಈರುಳ್ಳಿ ಸಿಪ್ಪೆಯ ನಡುವಿನಿಂದ ಅದನ್ನು ಎಳೆದರು. ಸೋಪು ಹಾಕಿ ತೊಳೆದರು. ತೊಳೆಯುತ್ತಲೇ, ನನ್ನ ಕಡೆ ತಿರುಗದೆ, ಶುರು ಮಾಡಿದರು.

"ನಮ್ಮಕ್ಕಂಗೆ ಬಂದಿತ್ತು. ಹಿರೇಗುಂಟನೂರಾಗೆ. ಅವ್ಳಿಗೂ ಹಿಂಗೇ, ಮೊದ್ಲು ಕಿರುಬೆಳ್ಳು ಮಡಚ್ಕಂತು. ದನದ ಕೊಟ್ಟಿಗೇಲಿ ಇಟ್ಟಿದ್ರು. ಊಟ ನಾನೇ ತಗಂಡು ಹೋಗ್ತಿದ್ದೆ. ತಟ್ಟೆ ದೂರ ಇಟ್ಟು ಓಡಿ ಬರ್ತಿದ್ದೆ."

ನೀರು ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದರು.

"ಒಂದಿನ ಕೇಳಿದ್ಲು, ಕೈ ಒರೆಸ್ಕಳಕ್ಕೆ ಒಂದು ಬಟ್ಟೆ ಕೊಡೇ ಅಂತ. ಕೊಡ್ಲಿಲ್ಲ ಕಣೇ. ಒಗೆಯಾಕೆ ಮನೇಗೆ ಬತ್ತೈತಲ್ಲ ಅಂತ ಕೊಡ್ಲಿಲ್ಲ. ನಿನ್ನ ಬೆಳ್ಳು ನೋಡ್ದಾಗ ಅವ್ಳೇ ಬಂದು ನಿಂತಂಗಾತು. ಅದ್ಕೇ ನಂಗೆ ಬಾಯೇ ಬರ್ಲಿಲ್ಲ."

ಕರಡಿಯನ್ನು ಹಿಂಡಿ ಮೊಳೆಗೆ ಹಾಕಿದರು. ತಮ್ಮ ಎರಡೂ ಕೈಯನ್ನು ಅದರ ಮೈಗೆ ಒರೆಸಿದರು. ಹಿಂದೆ ಮುಂದೆ, ಬೆರಳ ಸಂದಿ ಸಂದಿ. ಒದ್ದೆ ಟವೆಲಿಗೆ ಒರೆಸಿದರೆ ಕೈ ಒಣಗುತ್ತದೆಯೇ? ಅದು ಇಬ್ಬರಿಗೂ ಗೊತ್ತಿತ್ತು.

"ಒಂದು ಕಿವಿ ದೊಡ್ದಾಗೈತೆ" ಎಂದರು. ನಾನು ಅತ್ತುಬಿಟ್ಟೆ.

ಈಗ ನಾಲ್ಕನೆಯ ತಿಂಗಳ ಮಾತ್ರೆಯ ಬ್ಲಿಸ್ಟರ್ ಪ್ಯಾಕ್ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಮನೆಯವರನ್ನೆಲ್ಲ ನೋಡಿದ್ದಾರೆ, ಸದ್ಯಕ್ಕೆ ಯಾರಿಗೂ ಏನಿಲ್ಲ. ಸದ್ಯಕ್ಕೆ ಎಂಬ ಪದ ನನ್ನ ತಲೆಯಿಂದ ಹೋಗುವುದಿಲ್ಲ. ಇದು ವರ್ಷಗಟ್ಟಲೆ ಅಡಗಿರಬಲ್ಲದಂತೆ, ಹಾಗಾಗಿ ಪ್ರಣತಿಗೆ ಸ್ನಾನ ಮಾಡಿಸುವಾಗ ಬೆಳಕಿಗೆ ತಿರುಗಿಸಿ ಬೆನ್ನು ನೋಡುತ್ತೇನೆ. "ಏನಮ್ಮ ಹುಡುಕ್ತೀಯ?" ಎನ್ನುತ್ತಾಳೆ. ಕೊಳೆ ಎನ್ನುತ್ತೇನೆ. ಕಿರುಬೆರಳು ಇನ್ನೂ ನೆಟ್ಟಗಾಗಿಲ್ಲ. ದಾರವನ್ನು ತೋರುಬೆರಳಿಗೆ ಸುತ್ತಿಕೊಳ್ಳುವುದನ್ನು ಕಲಿಯುತ್ತಿದ್ದೇನೆ. ಬಿಸಿ ಪಾತ್ರೆಯ ಹತ್ತಿರ ಹೋದರೆ ಅತ್ತೆ ಕೂಗುತ್ತಾರೆ, ಅವರ ಕಣ್ಣು ನನ್ನ ಕೈ ಮೇಲೆ ಯಾಕಿತ್ತೆಂದು ಈಗ ಗೊತ್ತು.

ಕೊನೆಯ ಟಿಶ್ಯೂ ರೋಲ್ ಮುಗಿದು ಹತ್ತು ದಿನವಾಯಿತು. ನನ್ನ ಗಂಡ ಹೊಸದು ತಂದಿಲ್ಲ. ಮರೆತಿದ್ದಾರೋ, ಬೇಡವೆನಿಸಿತೋ, ನಾನು ಕೇಳಿಲ್ಲ.

ಸಂಜೆ ಈಗಲೂ ಕರಡಿಯನ್ನು ಮುಟ್ಟಿ ನೋಡುತ್ತೇನೆ, ಎಡಗೈಯಲ್ಲೇ. ಎರಡು ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಉಳಿದ ಮೂರಕ್ಕೆ ಒದ್ದೆ ಗೊತ್ತಾಗುತ್ತದೆ.