ಎಣ್ಣೆ ಕುಡಿದ ಹಲಗೆ

ಹಲಗೆಯ ಮೇಲೆ ಒಂದು ಹನಿ ನೀರು ಬಿಟ್ಟೆ. ಇಂಗಬೇಕಿತ್ತು. ಮುತ್ತಿನ ಹಾಗೆ ಕೂತುಬಿಟ್ಟಿತು!

ಇನ್ನೊಂದು ಹನಿ ಬಿಟ್ಟೆ. ಅದೂ ಪಕ್ಕದಲ್ಲೇ ಕೂತಿತು.

ವಿಷಯ ಇಷ್ಟೇ. ಸೇಲಂನ ನಮ್ಮ ಮನೆಯಲ್ಲಿ ಈಗ ಮಗ್ಗವಿಲ್ಲ. ಮಗ್ಗದ ಗುಂಡಿಗೆ ಕಾಲಿಳಿಸಿ ನೇಯಲು ನನ್ನಾಕೆ ರುಕ್ಕುವಿನ ಮಂಡಿ ಒಪ್ಪದಾದಾಗ ಬಿಚ್ಚಿಸಿದೆವು. ಮರ ಮಾತ್ರ ಗಟ್ಟಿ. ಅದನ್ನು ಸೀಳಿಸಿ, ಸಂಜೆ ಇಬ್ಬರೂ ಕೂರೋಣ ಎಂದು ತಾರಸಿಯ ಮೇಲೆ ಹಲಗೆಗಳ ನೆಲ, ಅಂದರೆ ಡೆಕ್, ಹಾಕಿಸಿದೆ. (ತೀರ್ಮಾನ ನನ್ನದೇ. ಮನೆಯಲ್ಲಿ ಯಾರಾದರೂ ತೀರ್ಮಾನ ಮಾಡಬೇಕಲ್ಲ?)

ಮಳೆಗೆ ಮುಂಚೆ ಸ್ಟೇನ್, ಅಂದರೆ ಮರದೊಳಕ್ಕೆ ಇಳಿಯುವ ಬಣ್ಣ, ಬಳಿಯಬೇಕು. ಬಳಿಯುವುದೇನು, ಅರ್ಧ ದಿನದ ಕೆಲಸ. ಸಿದ್ಧತೆಯೇ ಪ್ರಾಣ ಹಿಂಡುತ್ತದೆ. ಸೋಪಿನ ನೀರಲ್ಲಿ ತಿಕ್ಕು. ಬಿಸಿಲಿಗೆ ಒಣಗಿಸು. ಎದ್ದ ಮೊಳೆ ಬಡಿ. ಮರದ ಎಳೆ ಹೋದ ಕಡೆಗೇ ಉಪ್ಪುಕಾಗದ ಉಜ್ಜು. ಧೂಳು ಒರೆಸು. ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಸೊಂಟ ಕ್ರಮ ತಪ್ಪಿತು, ನಾನು ತಪ್ಪಲಿಲ್ಲ.

ಕೊನೆಗೆ ಈ ನೀರಿನ ಪರೀಕ್ಷೆ. ನೀರು ಇಂಗಿದರೆ ಸ್ಟೇನೂ ಇಂಗುತ್ತದೆ. ಉಳಿದ ಹಲಗೆಗಳೆಲ್ಲ ಗಟಗಟ ಕುಡಿದವು. ಇದೊಂದು ಮಾತ್ರ ಒಲ್ಲೆ ಎಂದಿತು. ಬಗ್ಗಿ ಮೂಸಿದೆ. ಎಳ್ಳೆಣ್ಣೆ! ಮೂಲೆಯಲ್ಲಿ ಕುಂಕುಮದ ಬೊಟ್ಟು ಬೇರೆ.

"ರುಕ್ಕೂ, ಇದಕ್ಕೆ ಯಾರೇ ಎಣ್ಣೆ ಅಚ್ಚಿದ್ದು?"

"ನಾನೇ. ಯಾಕ್ ಕೂಗ್ತೀರಿ? ಇವತ್ತು ವೆಳ್ಳಿ ಅಲ್ವಾ?"

ಹೌದು, ಶುಕ್ರವಾರ. ಇದು ಅವಳು ಮಗ್ಗದ ಮುಂದೆ ಕೂರುತ್ತಿದ್ದ ಹಲಗೆ. ಪ್ರತಿ ಶುಕ್ರವಾರ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ಆಮೇಲೇ ಲಾಳಿ ಮುಟ್ಟುತ್ತಿದ್ದಳು.

"ಎಣ್ಣೆ ಮೇಲೆ ಸ್ಟೇನ್ ಇಡಿಯಲ್ಲ ಕಣೇ. ಇದೇನು ಮಗ್ಗವಾ? ಡೆಕ್ಕು!"

"ಯಾವತ್ತಿಂದ?"

ಪೇಂಟ್ ಅಂಗಡಿಯವನಿಗೆ ಫೋನ್ ಮಾಡಿದೆ. "ಎಣ್ಣೆಯಾ? ಪೋಚ್ಚು ಸಾರ್, ಕೆಟ್ಟೋಯ್ತು! ಆ ಹಲಗೆ ಕಿತ್ತು ಬೇರೆ ಹಾಕ್ಸಿ" ಎಂದ. (ಸ್ಪೀಕರ್ ಆನ್ ಆಗಿತ್ತು. ನನ್ನ ಗ್ರಹಚಾರ.)

"ಕೀಳಿ, ಕೀಳಿ" ಎಂದಳು ರುಕ್ಕು. "ಆಮೇಲೆ ನೀವೊಬ್ರೇ ಕೂತ್ಕಳಿ. ಮೇಲೆ ಗಾಳಿ ಚೆನ್ನಾಗೈತೆ. ನಾನು ಮೆಟ್ಲು ಅತ್ತಲ್ಲ."

ಸುತ್ತಿಗೆ ಕೈಯಲ್ಲಿತ್ತು. ಕೆಳಗಿಟ್ಟೆ. ಬೇರೆ ಹಲಗೆಗಳಿಗೆಲ್ಲ ಸ್ಟೇನ್ ಬಳಿದು, ಅದೊಂದನ್ನು ಬಿಟ್ಟೆ.

ಈಗ ಕಂದು ಡೆಕ್ಕಿನ ನಡುವೆ ಎಣ್ಣೆಗಪ್ಪಿನ ಒಂದು ಪಟ್ಟೆ. ಬಂದವರೆಲ್ಲ "ಬಣ್ಣ ಸಾಲಲಿಲ್ವಾ ಸಾರ್?" ಎನ್ನುತ್ತಾರೆ. ವಿವರಿಸಿ ವಿವರಿಸಿ ಸಾಕಾಗಿದೆ. ರುಕ್ಕು ಸಂಜೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾಳೆ, ನೇರ ಅದರ ಮೇಲೇ ಕೂರುತ್ತಾಳೆ.

ತಿಕ್ಕಿದೆ, ಒಣಗಿಸಿದೆ, ಉಜ್ಜಿದೆ, ಒರೆಸಿದೆ. ಅವಳನ್ನೊಂದು ಮಾತು ಕೇಳುವುದು ಇದರಲ್ಲಿ ಯಾವುದಕ್ಕಿಂತ ಮುಂಚೆ ಬರಬೇಕಿತ್ತು?