ಎಡಗೈಯಿಂದ ಶುರುವಾಗುವ ಪುಸ್ತಕ

ಮೈಸೂರಿನಿಂದ ಬಂದ ಪಾರ್ಸೆಲ್ ಬಿಚ್ಚಿದಾಗಿನಿಂದ ಕೋಣೆಯೆಲ್ಲ ಹೊಸ ಕಾಗದದ ವಾಸನೆ. ಮೇಜಿನ ಮೇಲೆ ಪಿಯಾನೋ ಪಾಠದ ಮೂರು ಪುಸ್ತಕಗಳಿವೆ. ನಾಳೆ ಚಾಮರಾಜನಗರದಲ್ಲಿ ಹೊಸ ಮಕ್ಕಳ ಗುಂಪು ಕೂರುತ್ತದೆ. ಅಷ್ಟರೊಳಗೆ ಎಲ್ಲರಿಗೂ ಒಂದೇ ಪುಸ್ತಕ ಗೊತ್ತುಮಾಡಬೇಕು. ಒಂದರ ತುಂಬ ಹಿಮದ ಗೊಂಬೆಗಳು. ಉಡಿಗಾಲದಂಥ ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳಿಗೆ ಅದೇನೆಂದು ವಿವರಿಸುವುದರಲ್ಲೇ ಪಾಠದ ಹೊತ್ತು ಕಳೆದುಹೋದೀತೆಂದು ಬದಿಗಿಟ್ಟೆ. ಉಳಿದದ್ದು ಎರಡು. ಒಂದು ಬಲಗೈಯಿಂದ ಶುರುವಾಗುತ್ತದೆ, ಇನ್ನೊಂದು ಎಡಗೈಯಿಂದ. ಎಡಗೈಯದೇ ಒಳ್ಳೆಯದು, ನನಗೆ ಗೊತ್ತು. ಆದರೂ ಅದರ ಮೊದಲ ಪುಟ ತೆರೆಯಲು ಭಯ. ನಗಬೇಡಿ, ನರೆತ ತಲೆಯ ಮೇಷ್ಟ್ರಿಗೆ ಮಕ್ಕಳ ಪುಸ್ತಕ ಕಂಡರೆ ಯಾಕೆ ದಿಗಿಲೆಂದು ಹೇಳುತ್ತೇನೆ.

ಗುಂಡ್ಲುಪೇಟೆಯಲ್ಲಿ ಮೊದಲ ಸಲ ಗುಂಪಿಗೆ ಕಲಿಸಲು ಹೊರಟಾಗ ಗೊಬ್ಬರದಂಗಡಿಯ ಮಹಡಿಯೇ ನನ್ನ ಶಾಲೆ. ಪಿಯಾನೋ ತರಗತಿ ಎಂದು ಬೋರ್ಡು ಬರೆಸಿದ್ದೆ, ಪಿಯಾನೋ ಮಾತ್ರ ಇರಲಿಲ್ಲ. ನಾಲ್ಕು ಕೀಬೋರ್ಡು, ಒಂದೊಂದಕ್ಕೆ ಇಬ್ಬರು ಮಕ್ಕಳು. ಅಕ್ಷರ ದಪ್ಪಗಿದೆಯೆಂದು ಒಂದು ಪುಸ್ತಕ ಆರಿಸಿಬಿಟ್ಟೆ. ಮೊದಲ ಪುಟದಲ್ಲೇ ಎಡಗೈಯ ಚಿತ್ರ: ಎರಡು ಕಪ್ಪು ಕೀಗಳನ್ನು ಎಲ್ಲರೂ ಒಟ್ಟಿಗೆ ಒತ್ತಬೇಕು. ಹಾರ್ಮೋನಿಯಂ ನೋಡಿ ಬೆಳೆದ ನಮ್ಮ ಕಡೆಯವರಿಗೆ ಎಡಗೈ ಎಂದರೆ ಗಾಳಿ ಹಾಕುವ ಆಳು. ಸ್ವರ ಬಲಗೈಯ ಸೊತ್ತು.

ಎಲ್ಲರ ಎಡಗೈ ಮುಂದೆ ಬಂತು. ಸಿಂಚನ ಎಂಬ ಹುಡುಗಿಯದು ಮಾತ್ರ ಬರಲಿಲ್ಲ. ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು.

"ಕೈ ತಗಿ ಕಣಮ್ಮಿ" ಎಂದೆ.

"ಆ ಕೈ ಮುಂದ್ಕೆ ಬಂದ್ರೆ ಬರೆ ಆಕ್ತೀನಿ ಅಂದದೆ ಸಾ, ಅಜ್ಜಿ" ಎಂದು ಪಿಸುಗುಟ್ಟಿದಳು.

ಪಕ್ಕದವಳು ಕಿಸಕ್ಕನೆ ನಕ್ಕಳು. "ಎಡಚಿ ಸಾ ಅವ್ಳು! ಕಡ್ಲೆಪುರಿ ತಿನ್ನೋದೂ ಅದೇ ಕೈಲೆಯ!"

ಬಾಗಿಲಲ್ಲಿ ಬಳೆ ಸದ್ದಾಯಿತು. ಪಾಠ ಮುಗಿಯುವವರೆಗೂ ಅಲ್ಲೇ ಕೂರುತ್ತಿದ್ದ ಸಿಂಚನಳ ಅಜ್ಜಿ, ಗೌರಮ್ಮನವರು, ಎದ್ದಿದ್ದರು. ಒಬ್ಬರಿಗೇ ಕಲಿಸುವಾಗ ಮೆಲ್ಲಗೆ ಪುಟ ಮಗುಚಬಹುದು, ಗುಂಪಿನಲ್ಲಿ ಆಗದು. ಪಂಕ್ತಿಯಲ್ಲಿ ಒಬ್ಬರು ಎದ್ದರೆ ಎಲ್ಲರ ಎಲೆಯೂ ಕೆಟ್ಟಿತು ಎನ್ನುತ್ತಿದ್ದಳು ನಮ್ಮವ್ವ. ಈ ಮಗುವನ್ನು ಈಗ ಎಬ್ಬಿಸಿಕೊಂಡು ಹೋದರೆ ಮತ್ತೆ ಕಳಿಸುವುದಿಲ್ಲ. ಅದಿರಲಿ, ಮನೆ ಸೇರಿದ ಮೇಲೆ ಆ ಕೈಗೆ ಏನಾದೀತು?

"ಏನ್ ಮೇಷ್ಟ್ರೆ, ಸರಸ್ವತಿನ ಎಡಗೈಲಿ ಮುಟ್ಟುಸ್ತೀರಾ? ನಿಮ್ಮವ್ವ ಇದ್ನೇನಾ ಕಲ್ಸಿದ್ದು? ಏಳಮ್ಮಿ, ಓಗನ."

"ಪುಸ್ತಕದಲ್ಲಿ ಹಾಗಿದೆ ತಾಯಿ" ಎಂದು ಆ ತೆಳ್ಳನೆಯ ಪುಸ್ತಕದ ಹಿಂದೆ ಇಷ್ಟು ದಪ್ಪದ ನಾನು ಅಡಗಿದೆ.

ಸಿಂಚನ ಎದ್ದು ನಿಂತಳು. "ಬೆಳಗಾಗೆದ್ದು ಲಿಂಗಪ್ಪನ ಯಾವ ಕೈಲಿ ಮಡಿಕಂಡು ಪೂಜೆ ಮಾಡ್ತೀಯಜ್ಜಿ?"

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ ಮನೆ ಅದು. ಈಗ ಏಟು ಬಿತ್ತೆಂದು ನಾನೇ ಕಣ್ಣು ಮುಚ್ಚಿದೆ. ತೆರೆದಾಗ ಅಜ್ಜಿ ತಮ್ಮ ಎಡ ಅಂಗೈಯನ್ನು, ಯಾರೋ ಕೊಟ್ಟುಹೋದ ವಸ್ತುವಿನಂತೆ, ನೋಡುತ್ತ ನಿಂತಿದ್ದರು. ಆಮೇಲೆ ಮೊಮ್ಮಗಳ ಕೈ ಎಳೆದು ಕೀಗಳ ಮೇಲಿಟ್ಟರು.

"ಲಿಂಗ ಮಡಗೋ ಕೈ ಇಂಗ್ ನಡುಗ್ಬಾರ್ದು ಕಣಮ್ಮಿ. ಒತ್ತು. ಉಣ್ಣಕ್ ಮಾತ್ರ ಬಲಗೈಯೇ, ಗ್ಯಾನ ಇರ್ಲಿ."

ಒತ್ತಿದಳು. ಸಣ್ಣ ಸದ್ದು, ಆದರೆ ಬಂತು.

ಭಯ ಅಲ್ಲಿಗೆ ಹೋಯಿತೆಂದರೆ ಸುಳ್ಳಾದೀತು. ಆಮೇಲೂ ಬಹಳ ದಿನ ಬಳೆ ಸದ್ದಾದರೆ ಸಾಕು, ಅವಳ ಬೆರಳು ಜಾರುತ್ತಿತ್ತು, ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅಂದು ಅವಳಿಗೆ ಆ ಮಾತು ಹೊಳೆಯದೆ ಹೋಗಿದ್ದರೆ ಎಂಬುದನ್ನು ನಾನು ಇವತ್ತಿಗೂ ಪೂರ್ತಿ ಯೋಚಿಸಲಾರೆ.

ಅದಕ್ಕೇ ಬಲಗೈಯ ಪುಸ್ತಕದ ಮೇಲೆ ಕೈಯಿಟ್ಟು ಕೂತಿದ್ದೆ. ಅದನ್ನು ಕೊಟ್ಟರೆ ನಾಳೆ ಯಾರೂ ಸಿಕ್ಕಿಬೀಳುವುದಿಲ್ಲ. ತೊಡೆಯ ಕೆಳಗೆ ಯಾವ ಮಗುವಿನ ಕೈಯಾದರೂ ಇದ್ದರೆ ಅಲ್ಲೇ ಇರುತ್ತದೆ, ನನಗೆ ಕಾಣುವುದೂ ಇಲ್ಲ. ನಿಮಗೆ ಹೇಳುತ್ತ ಹೇಳುತ್ತ ಇದು ಹೊಳೆದು, ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಎಡಗೈಯ ಪುಸ್ತಕದ ಹೆಸರನ್ನೇ ಫೋನಿನಲ್ಲಿ ಮನೆಮನೆಗೆ ಕಳಿಸಿಬಿಟ್ಟೆ.

ಕಳಿಸಿ ಇನ್ನೂ ಕೆಳಗಿಟ್ಟಿಲ್ಲ, ಫೋನು ಹೊಡೆದುಕೊಳ್ಳುತ್ತಿದೆ. ಯಾರ ಮನೆಯ ಹಿರಿಯರೋ. ತಡೆಯಿರಿ, ಎತ್ತುತ್ತೇನೆ.